ಬೀರುವಿನ ಬೀಗ ತೆಗೆಸಿ, ಕಾದಂಬರಿ ಓದಿ

ಎಂಟನೇ ಕ್ಲಾಸಿನಿಂದ ಪಿಯುಸಿವರೆಗೆ ಓದುತ್ತಿರುವ ನಂಜನಗೂಡಿನ, ತಿ. ನರಸೀಪುರದ ಹುಡುಗ ಹುಡುಗಿಯರೇ, ನಿಮಗೆ ಒಂದೇ ಮಾತು ಹೇಳಬೇಕಾಗಿದೆ. ಕಾದಂಬರಿ ಓದಿ. ಪರೀಕ್ಷೆ ಮುಗಿಯಲಿ, ರಜೆ ಬರಲಿ ಎಂದು ಕಾಯಬೇಡಿ. ಈ ವಯಸ್ಸಿನಲ್ಲೇ ಓದಿ. ‘ಕಥೆ ಪುಸ್ತಕ ಎತ್ತಿಡು, ಪಾಠ ಓದ್ಕೊ’ ಎಂದು ಮನೆಯಲ್ಲೂ ಶಾಲೆಯಲ್ಲೂ ಹೇಳಿಸಿಕೊಂಡು ನಿಮಗೆ ಸಾಕಾಗಿರುತ್ತದೆ. ಶಾಲೆಯ ಒಳಗಿನವಳಾಗಿಯೇ ನಾನು ಅದಕ್ಕೆ ವಿರುದ್ಧ ಹೇಳುತ್ತಿದ್ದೇನೆ.

ಈ ಎರಡು ಊರುಗಳ ನಡುವಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ, ಜೊತೆಗೆ ಗ್ರಂಥಾಲಯವನ್ನೂ ನೋಡಿಕೊಳ್ಳುತ್ತೇನೆ. ನಮ್ಮ ಕಡೆಯ ಬಹುಪಾಲು ಸರ್ಕಾರಿ ಪ್ರೌಢಶಾಲೆಗಳಲ್ಲಿ ಗ್ರಂಥಪಾಲಕರು ಎಂಬ ಬೇರೆ ಹುದ್ದೆಯೇ ಇಲ್ಲ. ಯಾರೋ ಒಬ್ಬ ಮೇಷ್ಟ್ರಿಗೋ ಮಿಸ್‌ಗೋ ‘ಲೈಬ್ರರಿ ಚಾರ್ಜು’ ಎಂದು ಬೀರುವಿನ ಕೀಲಿಕೈ ಕೊಡುತ್ತಾರೆ. ನನಗೆ ಸಿಕ್ಕ ಕೀಲಿಕೈಯನ್ನು ನಾನು ಭಾಗ್ಯವೆಂದೇ ತಿಳಿದಿದ್ದೇನೆ. ಐವತ್ತು ದಾಟಿದ ಮೇಲೂ ನಾನು ಆಸೆಪಟ್ಟು ಓದುವುದು ಹದಿಮೂರರಿಂದ ಹದಿನೆಂಟರ ವಯಸ್ಸಿನವರ ಕಥೆಗಳನ್ನು. ‘ಏನ್ ಮಿಸ್, ಇನ್ನೂ ಮಕ್ಕಳ ಪುಸ್ತಕ ಓದ್ತಾ ಇದ್ದೀರಲ್ಲ’ ಎಂದು ಸ್ಟಾಫ್ ರೂಮಿನಲ್ಲಿ ಕೇಳುವವರಿಗೆ ‘ಹೌದು, ನೀವೂ ಓದಿ’ ಎನ್ನುತ್ತೇನೆ. ದೊಡ್ಡವರು ಮಾಡುವ ಅನ್ಯಾಯ ಮೊದಲ ಸಲ ಕಣ್ಣಿಗೆ ಬಿದ್ದಾಗ ಬರುವ ಸಿಟ್ಟು, ಜೀವದ ಗೆಳತಿ ಮಾತು ಬಿಟ್ಟ ದಿನ ಊಟ ಸೇರದಂತಾಗುವ ಸಂಕಟ, ಅಪ್ಪನಿಗೂ ಭಯವಿದೆ ಎಂದು ಗೊತ್ತಾಗುವ ರಾತ್ರಿ, ಇವೆಲ್ಲ ಆ ವಯಸ್ಸಿನಲ್ಲಿ ಮೊದಲ ಸಲ ಬರುತ್ತವೆ. ಮೊದಲ ಸಲ ಬಂದದ್ದನ್ನು ನೇರವಾಗಿ ನೋಡಿ ಬರೆದ ಕಥೆಯ ಬಿಸಿ ಯಾವ ವಯಸ್ಸಿನವರಿಗೂ ತಾಗುತ್ತದೆ.

ಆರನೇ ಏಳನೇ ಕ್ಲಾಸಿನವರೆಗೆ ನಮ್ಮ ಮಕ್ಕಳು ಚೆನ್ನಾಗಿಯೇ ಓದುತ್ತಾರೆ. ಚಿತ್ರದ ಪುಸ್ತಕ, ತೆನಾಲಿರಾಮ, ಪಂಚತಂತ್ರ, ಯಾವುದು ಕೊಟ್ಟರೂ ಆಯಿತು. ಎಂಟನೇ ಕ್ಲಾಸಿಗೆ ಬಂದ ಕೂಡಲೇ ಏನೋ ಆಗಿಬಿಡುತ್ತದೆ. ನರಿ, ಮೊಸಳೆಗಳ ಕಥೆ ಚಿಕ್ಕದಾಯಿತು ಅನ್ನಿಸುತ್ತದೆ, ದಪ್ಪ ಕಾದಂಬರಿ ದೊಡ್ಡದಾಯಿತು ಅನ್ನಿಸುತ್ತದೆ. ನಡುವಿನ ಜಾಗಕ್ಕೆ ಗೈಡು, ಪ್ರಶ್ನೋತ್ತರ ಮಾಲಿಕೆ, ಮೊಬೈಲು ಬಂದು ಕೂರುತ್ತವೆ. ಓದುವ ಹುಡುಗಿ ಓದದವಳಾಗುವುದು ಇಲ್ಲಿಯೇ. ನಾನು ಇಷ್ಟು ಒತ್ತಿ ಹೇಳುತ್ತಿರುವುದು ಈ ನಡುವಿನ ಜಾಗಕ್ಕೆ ಬೇಕಾದ ಪುಸ್ತಕಗಳ ಬಗ್ಗೆ.

ಅವು ಕನ್ನಡದಲ್ಲಿ ಇವೆ. ಹದಿಹರೆಯದವರಿಗೆಂದು ಬೇರೆ ಕಪಾಟಿನಲ್ಲಿ ಜೋಡಿಸಿಟ್ಟಿಲ್ಲ, ಅಷ್ಟೆ. ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ ಇದೆ, 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದದ್ದು. ಅದೇ ಪುರಸ್ಕಾರ ಪಡೆದ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ ಇವೆ. ಜಪಾನಿನ ತೆತ್ಸುಕೊ ಕುರೊಯಾನಗಿ ಬರೆದ ‘ತೊತ್ತೊ ಚಾನ್’ ಕನ್ನಡಕ್ಕೆ ಬಂದು ಬಹಳ ಕಾಲವಾಯಿತು. ಗಲಾಟೆ ಹೆಚ್ಚು ಎಂದು ಒಂದನೇ ಕ್ಲಾಸಿನಲ್ಲೇ ಶಾಲೆಯಿಂದ ಹೊರಬಿದ್ದ ಹುಡುಗಿ ಹಳೆಯ ರೈಲು ಬೋಗಿಗಳೇ ತರಗತಿಗಳಾಗಿರುವ ಇನ್ನೊಂದು ಶಾಲೆಗೆ ಸೇರುವ ನಿಜ ಕಥೆ ಅದು. ಮೈಸೂರು–ಚಾಮರಾಜನಗರ ರೈಲಿನಲ್ಲಿ ದಿನಾ ಕಾಲೇಜಿಗೆ ಓಡಾಡುವವರು ಅದನ್ನು ರೈಲಿನಲ್ಲೇ ಓದಿ, ಚೆನ್ನಾಗಿರುತ್ತದೆ.

ಒಂದೇ ಒಂದು ಪುಸ್ತಕ ಹೇಳಿ ಮಿಸ್ ಎಂದರೆ ನಾನು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಎತ್ತಿ ಕೊಡುತ್ತೇನೆ. 1980ರಲ್ಲಿ ಬಂದದ್ದು. ತೇಜಸ್ವಿ ಅದನ್ನು ಹುಡುಗರಿಗೆಂದು ಬರೆಯಲಿಲ್ಲ, ನಿಜ. ಆದರೆ ನನ್ನ ಕೈಯಿಂದ ಅತಿ ಹೆಚ್ಚು ಸಲ ಹೊರಗೆ ಹೋದ ಪುಸ್ತಕ ಅದೇ. ಅದರಲ್ಲಿ ಮಂದಣ್ಣ ಎಂಬ ಹಳ್ಳಿಯ ಹುಡುಗ ಬರುತ್ತಾನೆ. ಜೇನು ಕೀಳುತ್ತಾ ಕಾಡು ಸುತ್ತುವ ಅವನು ಊರವರ ಕಣ್ಣಿಗೆ ಕೆಲಸಕ್ಕೆ ಬಾರದವನು. ವಿಜ್ಞಾನಿ ಕರ್ವಾಲೊ ಮಾತ್ರ ಅವನನ್ನು ಬೇರೆಯೇ ಕಣ್ಣಿನಿಂದ ನೋಡುತ್ತಾರೆ. ಕಾಡಿನ ಹುಳಹುಪ್ಪಟೆ, ಹಕ್ಕಿಪಕ್ಕಿಗಳನ್ನು ಅವನು ಗಮನಿಸುವ ರೀತಿ ದೊಡ್ಡ ದೊಡ್ಡ ಪದವಿ ಪಡೆದವರಿಗೂ ಬಾರದು ಎಂದು ಅವರಿಗೆ ಗೊತ್ತು. ಕೋಟ್ಯಂತರ ವರ್ಷಗಳ ಹಿಂದಿನ ಒಂದು ಹಾರುವ ಓತಿಯನ್ನು ಹುಡುಕಲು ಅವರು ಹೊರಟಾಗ ಮಂದಣ್ಣನಿಲ್ಲದೆ ಹೆಜ್ಜೆ ಮುಂದೆ ಹೋಗುವುದಿಲ್ಲ.

‘ಈ ಹುಡುಗ ಉದ್ಧಾರ ಆಗಲ್ಲ’ ಎಂದು ಅನ್ನಿಸಿಕೊಂಡವರು ಪ್ರತಿ ಕ್ಲಾಸಿನಲ್ಲೂ ಇರುತ್ತಾರೆ. ಕೊನೆಯ ಬೆಂಚಿನ ಅಂಥವರ ಕೈಗೆ ಕರ್ವಾಲೊ ಇಟ್ಟು ನೋಡಿದ್ದೇನೆ. ಪುಸ್ತಕ ವಾಪಸು ಕೊಡಲು ಬರುವಾಗ ಅವರು ಮಾತಾಡಲು ಶುರುಮಾಡುತ್ತಾರೆ. ಯಾವ ಕೆರೆಗೆ ಯಾವ ತಿಂಗಳಲ್ಲಿ ಯಾವ ಕೊಕ್ಕರೆ ಬರುತ್ತದೆ, ಕಪಿಲಾ ನದಿಯ ಯಾವ ಮಡುವಿನಲ್ಲಿ ಯಾವ ಮೀನು ಸಿಗುತ್ತದೆ ಎಂದೆಲ್ಲ ಹೇಳುತ್ತಾರೆ. ಆ ಹುಡುಗರಿಗೆ ಅಷ್ಟು ಗೊತ್ತಿದೆ ಎಂದು ಅಲ್ಲಿಯವರೆಗೆ ಶಾಲೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ತಾವು ಕಂಡದ್ದೂ ತಿಳಿವಳಿಕೆಯೇ ಎಂದು ಅವರಿಗೂ ಅನ್ನಿಸಿರಲಿಲ್ಲ.

ಈಗ ನಮ್ಮ ಊರಿನ ಮಾತಿಗೇ ಬರುತ್ತೇನೆ. ನಂಜನಗೂಡು ಎಂದರೆ ಶ್ರೀಕಂಠೇಶ್ವರ, ದೊಡ್ಡ ತೇರು, ರಸಬಾಳೆ, ಹಲ್ಲುಪುಡಿ ಎಂದು ಎಲ್ಲರೂ ಹೇಳುತ್ತಾರೆ. ನೀವು ಇನ್ನೊಂದು ಹೆಸರನ್ನು ಅಷ್ಟೇ ಜೋರಾಗಿ ಹೇಳಬೇಕು: ತಿರುಮಲಾಂಬ. 1887ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದರು. ಅಂದಿನ ಪದ್ಧತಿಯಂತೆ ಎಳೆಯ ವಯಸ್ಸಿನಲ್ಲೇ ಮದುವೆ. ಹದಿನಾಲ್ಕರ ಸುಮಾರಿಗೆ ಗಂಡ ತೀರಿಕೊಂಡರು. ನೀವು ಒಂಬತ್ತನೇ ಕ್ಲಾಸಿನಲ್ಲಿ ಕೂತಿರುವ ವಯಸ್ಸು ಅದು! ಆ ಕಾಲದಲ್ಲಿ ಸಂಪ್ರದಾಯಸ್ಥ ಮನೆತನದ ವಿಧವೆ ಎಂದರೆ ಬಾಗಿಲ ಆಚೆಗೆ ಬದುಕೇ ಇಲ್ಲ. ಶಾಲೆ ಇಲ್ಲ, ಜಾತ್ರೆ ಇಲ್ಲ, ಬಣ್ಣದ ಸೀರೆ ಇಲ್ಲ. ಆಕೆಯ ತಂದೆ ಮಗಳಿಗೆ ಪುಸ್ತಕ ತಂದು ಕೊಟ್ಟರು. ಮನೆಯೊಳಗೆ ಕೂತು ಆ ಹುಡುಗಿ ಕನ್ನಡವನ್ನೂ ಬೇರೆ ಭಾಷೆಗಳನ್ನೂ ಓದಿದಳು, ಸಿಕ್ಕಿದ್ದೆಲ್ಲ ಓದಿದಳು, ಆಮೇಲೆ ತಾನೇ ಬರೆಯಲು ಕೂತಳು.

1913ರಲ್ಲಿ ‘ಸತೀ ಹಿತೈಷಿಣಿ’ ಎಂಬ ಗ್ರಂಥಮಾಲೆಯನ್ನು ಆಕೆ ತಾನೇ ಶುರುಮಾಡಿದರು. ಅದರಲ್ಲಿ ಬಂದ ಆಕೆಯ ಕಾದಂಬರಿ ‘ಸುಶೀಲೆ’ ಮತ್ತೆ ಮತ್ತೆ ಅಚ್ಚಾಯಿತು. ಹೊಸಗನ್ನಡದ ಮೊದಲ ಕಾದಂಬರಿಕಾರ್ತಿ ಎಂದು ಆಕೆಯನ್ನು ಗುರುತಿಸುತ್ತಾರೆ. ಆಮೇಲೆ ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆಯನ್ನೂ ಹೊರತಂದರು. ಬರೆದವರು ಅವರೇ, ಸಂಪಾದಿಸಿದವರು ಅವರೇ, ಪ್ರಕಟಿಸಿದವರೂ ಅವರೇ. ನೂರು ವರ್ಷಕ್ಕೂ ಹಿಂದೆ, ರಥಬೀದಿಯ ಊರಿನಲ್ಲಿ, ಹೊರಗೆ ಕಾಲಿಡಬಾರದು ಎಂದು ಹೇಳಿಸಿಕೊಂಡ ಹೆಣ್ಣುಮಗಳು ಇದನ್ನೆಲ್ಲ ಮಾಡಿದರು ಎಂದು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

‘ಸುಶೀಲೆ’ಯಲ್ಲಿ ಹೇಳಿದ ಎಲ್ಲವನ್ನೂ ನೀವು ಒಪ್ಪಬೇಕಿಲ್ಲ. ಗಂಡನಿಗಾಗಿ ಎಲ್ಲವನ್ನೂ ಸಹಿಸುವ ಹೆಂಡತಿಯ ಆದರ್ಶ ಇಂದಿನ ಹುಡುಗಿಗೆ ಬೇಕಿಲ್ಲ, ಬೇಕಾಗಲೂ ಬಾರದು ಎಂದೇ ನನ್ನ ಅಭಿಪ್ರಾಯ. ಆದರೆ ಆ ಕಾದಂಬರಿ ಬರೆದ ಕೈಯನ್ನು ನೋಡಿ. ಕಾದಂಬರಿಯ ಹೆಣ್ಣಿಗಿಂತ ಅದನ್ನು ಬರೆದ ಹೆಣ್ಣೇ ಹೆಚ್ಚು ಧೈರ್ಯದವಳು. ಮುಂದೆ ನಾಡು ಅವರನ್ನು ದಶಕಗಳ ಕಾಲ ಮರೆತೇಬಿಟ್ಟಿತು. ಲೇಖಕಿಯರ ಚರಿತ್ರೆ ಹುಡುಕಿಕೊಂಡು ಹೊರಟವರು ಮತ್ತೆ ಅವರ ಹೆಸರು ಎತ್ತಿದರು. 1982ರಲ್ಲಿ ಮದರಾಸಿನಲ್ಲಿ ಅವರು ತೀರಿಕೊಂಡರು. ನಂಜನಗೂಡಿನ ಒಂದು ಹೈಸ್ಕೂಲು ಹುಡುಗಿಯೂ ಇನ್ನು ಮುಂದೆ ಈ ಹೆಸರು ತಿಳಿಯದೆ ಎಸ್ಸೆಸ್ಸೆಲ್ಸಿ ದಾಟಬಾರದು ಎಂಬುದು ನನ್ನ ಹಟ.

ಇದೇ ತಾಲ್ಲೂಕಿನ ದೇವನೂರಿನಲ್ಲಿ 1948ರಲ್ಲಿ ದೇವನೂರ ಮಹಾದೇವ ಹುಟ್ಟಿದರು. 1973ರಲ್ಲಿ ‘ದ್ಯಾವನೂರು’ ಕಥಾಸಂಕಲನ ಬಂತು, ಆಮೇಲೆ ‘ಒಡಲಾಳ’, ಅದರ ನಂತರ ‘ಕುಸುಮಬಾಲೆ’. ಕುಸುಮಬಾಲೆಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದು ಕಷ್ಟದ ಪುಸ್ತಕ, ಪಿಯುಸಿ ಆದ ಮೇಲೆ ಹಿಡಿಯಿರಿ. ‘ಒಡಲಾಳ’ವನ್ನು ಮಾತ್ರ ಒಂಬತ್ತನೇ ಕ್ಲಾಸಿನಿಂದಲೇ ಓದಬಹುದು ಎಂದು ನನ್ನ ಅನುಭವ ಹೇಳುತ್ತದೆ. ಸಾಕವ್ವ ಕಳೆದುಹೋದ ತನ್ನ ಹುಂಜವನ್ನು ಹುಡುಕುತ್ತಾಳೆ. ರಾತ್ರಿ ಮನೆಮಂದಿಯೆಲ್ಲ ಸುತ್ತ ಕೂತು ಕಡಲೆಕಾಯಿ ತಿನ್ನುತ್ತಾರೆ. ಹಸಿವು, ಜಗಳ, ನಗು, ಅಕ್ಕರೆ ಎಲ್ಲ ಒಂದೇ ಮನೆಯಲ್ಲಿ. ನಾನು ಅದರ ಒಂದು ಭಾಗವನ್ನು ಗಟ್ಟಿಯಾಗಿ ಓದಿದಾಗ ಒಬ್ಬಳು ಹುಡುಗಿ ಎದ್ದು ನಿಂತು, ‘ಮಿಸ್, ಇದ್ರಲ್ಲಿ ನಮ್ಮಜ್ಜಿ ಮಾತಾಡ್ದಂಗೇ ಅದೆ!’ ಎಂದಳು. ಅಲ್ಲಿಯವರೆಗೆ ಅವಳು ಕ್ಲಾಸಿನಲ್ಲಿ ಬಾಯಿ ಬಿಟ್ಟವಳಲ್ಲ. ತನ್ನ ಮಾತು ‘ಸರಿಯಿಲ್ಲ’ ಎಂದು ಯಾರೋ ತಿದ್ದಿ ತಿದ್ದಿ ಅವಳ ಬಾಯಿ ಕಟ್ಟಿಸಿದ್ದರು. ಅವಳ ಅಜ್ಜಿಯ ಮಾತನ್ನು ಇಡೀ ಕನ್ನಡನಾಡು ಓದಿ ತಲೆಬಾಗಿದೆ ಎಂದು ಆ ದಿನ ಅವಳಿಗೆ ತಿಳಿಯಿತು. ಈಗ ಅವಳು ಬರೆಯುವ ಪ್ರಬಂಧಗಳನ್ನು ತಿದ್ದಲು ನನ್ನ ಕೆಂಪು ಪೆನ್ನು ಹಿಂಜರಿಯುತ್ತದೆ.

ಕಾದಂಬರಿ ಓದಿದರೆ ಮಾರ್ಕ್ಸು ಹೆಚ್ಚಾಗುತ್ತದೆ ಎಂಬ ಆಮಿಷವನ್ನು ನಾನು ಒಡ್ಡುವುದಿಲ್ಲ. ಹೆಚ್ಚಾದರೆ ಆಗಲಿ. ನಿಮ್ಮ ಅಪ್ಪ ಅಮ್ಮ ಹೊಲದಲ್ಲಿ, ಕಾರ್ಖಾನೆಯ ಪಾಳಿಯಲ್ಲಿ ದುಡಿದು ನಿಮ್ಮನ್ನು ಓದಿಸುತ್ತಿದ್ದಾರೆ. ಅವರಿಗೆ ಮಾರ್ಕ್ಸಿನ ಚಿಂತೆ ಇರುವುದು ನ್ಯಾಯವೇ. ಅವರ ಮೇಲೆ ರೇಗಬೇಡಿ. ಪಾಠವನ್ನೂ ಓದಿ, ಆಮೇಲೆ ರಾತ್ರಿ ಮಲಗುವ ಮುಂಚೆ ಕಾದಂಬರಿಯ ಹತ್ತು ಪುಟ ಓದಿ. ಸಾಧ್ಯವಾದರೆ ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿ. ಓದಲು ಬಾರದ ಎಷ್ಟೋ ತಾಯಂದಿರು ಮಗಳ ಬಾಯಿಂದ ಕಾದಂಬರಿ ಕೇಳಿ, ‘ಆಮೇಲೇನಾಯ್ತವ್ವ?’ ಎಂದು ಮಾರನೆಯ ರಾತ್ರಿ ತಾವೇ ಕೇಳಿದ್ದನ್ನು ಮಕ್ಕಳು ಬಂದು ನನಗೆ ಹೇಳಿದ್ದಾರೆ. ಮೊಬೈಲಿನ ಬಗ್ಗೆ ನಾನು ಭಾಷಣ ಮಾಡುವುದಿಲ್ಲ. ಒಳ್ಳೆಯ ಕಥೆ ಕೈಗೆ ಸಿಕ್ಕಿದ ರಾತ್ರಿ ಅದು ತಾನಾಗಿಯೇ ಪಕ್ಕಕ್ಕೆ ಹೋಗುತ್ತದೆ.

ಪುಸ್ತಕ ಎಲ್ಲಿ ಸಿಗುತ್ತದೆ ಎನ್ನುತ್ತೀರಾ? ಮೊದಲು ನಿಮ್ಮ ಶಾಲೆಯ ಬೀರು ನೋಡಿ. ಪುಸ್ತಕ ಕಳೆದರೆ ಕೈಯಿಂದ ಕಟ್ಟಬೇಕಾದೀತು ಎಂಬ ಭಯಕ್ಕೆ ಅದಕ್ಕೆ ಬೀಗ ಬಿದ್ದಿರುತ್ತದೆ. ನನ್ನ ಸಹೋದ್ಯೋಗಿಗಳಲ್ಲಿ ಕೈಮುಗಿದು ಕೇಳುತ್ತೇನೆ: ಕಳೆದರೆ ಕಳೆಯಲಿ. ಮಗುವಿನ ಮನೆಯಲ್ಲಿ ಕಳೆದುಹೋದ ಪುಸ್ತಕವನ್ನು ಯಾರಾದರೂ ಓದಿಯಾರು, ಬೀರುವಿನಲ್ಲಿ ಉಳಿದದ್ದನ್ನು ಗೆದ್ದಲು ತಿನ್ನುತ್ತದೆ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರಗಳನ್ನು ಕೊಟ್ಟರು. ಪುಸ್ತಕ ಇರುವುದು ಬಳಸುವುದಕ್ಕೆ ಎಂಬುದೇ ಅವುಗಳಲ್ಲಿ ಮೊದಲನೆಯದು. ಅದೇ ವರ್ಷ ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆ ಪುಸ್ತಕ ಹೇರಿಕೊಂಡು ಹಳ್ಳಿಗಳಿಗೆ ಹೋಗುವ ಗ್ರಂಥಾಲಯ ಹೊರಟಿತು. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಮಾರ್ಗರೆಟ್ ಎಡ್ವರ್ಡ್ಸ್ ಎಂಬ ಗ್ರಂಥಪಾಲಕಿ ಹದಿಹರೆಯದವರಿಗೆ ಓದು ಹಚ್ಚಿಸುವುದನ್ನೇ ಬದುಕು ಮಾಡಿಕೊಂಡವರು. 1940ರ ದಶಕದಲ್ಲಿ ಅವರು ಕುದುರೆ ಗಾಡಿಯಲ್ಲಿ ಪುಸ್ತಕ ತುಂಬಿಕೊಂಡು ಬಡವರ ಬೀದಿಗಳಿಗೇ ಹೋದರು. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ, 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಹಿಂದೆಯೂ ಅವರ ಚಿಂತನೆ ಇದೆ. ಅಂಥವರ ನಾಡಿನಲ್ಲಿ ಬೀರುವಿಗೆ ಬೀಗ ಒಪ್ಪುವುದಿಲ್ಲ.

ಶಾಲೆಯಲ್ಲಿ ಸಿಗದಿದ್ದರೆ ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಹೋಗಿ. ಈಗ ಅದನ್ನು ಅರಿವು ಕೇಂದ್ರ ಎನ್ನುತ್ತಾರೆ. 2020ರಲ್ಲಿ, ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ, ‘ಓದುವ ಬೆಳಕು’ ಎಂಬ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಟ್ಟರು. ಹೆಸರು ಬರೆಸಲು ಕಾಸು ಬೇಕಿಲ್ಲ. ಬೇಕಾದ ಪುಸ್ತಕ ಇಲ್ಲದಿದ್ದರೆ ಬೇಕು ಎಂದು ಬರೆದು ಕೊಡಿ. ಕೇಳುವವರಿಲ್ಲದೆ ತರಿಸುವವರಿರುವುದಿಲ್ಲ.

ಪುಸ್ತಕಕ್ಕಾಗಿ ಬದುಕು ಸವೆಸಿದವರು ನಮ್ಮ ಸುತ್ತಲೇ ಇದ್ದಾರೆ. ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯ ಅಂಕೇಗೌಡರು ಬಸ್ ಕಂಡಕ್ಟರ್ ಆಗಿ, ಸಕ್ಕರೆ ಕಾರ್ಖಾನೆಯ ನೌಕರರಾಗಿ ದುಡಿದ ಹಣದಲ್ಲಿ ಲಕ್ಷಾಂತರ ಪುಸ್ತಕಗಳ ‘ಪುಸ್ತಕ ಮನೆ’ ಕಟ್ಟಿದರು. ಮೈಸೂರಿನ ರಾಜೀವನಗರದಲ್ಲಿ ಸೈಯದ್ ಇಸಾಕ್ ಎಂಬ ಕೂಲಿ ಕಾರ್ಮಿಕರು, ತಮಗೆ ಸಿಗದ ಓದು ಬೇರೆಯವರಿಗೆ ಸಿಗಲಿ ಎಂದು ಬೀದಿ ಬದಿಯಲ್ಲಿ ಗ್ರಂಥಾಲಯ ನಡೆಸುತ್ತಿದ್ದರು. ಬಹುಪಾಲು ಕನ್ನಡ ಪುಸ್ತಕಗಳೇ. 2021ರ ಏಪ್ರಿಲ್ 9ರ ಬೆಳಗಿನ ಜಾವ ಅದಕ್ಕೆ ಬೆಂಕಿ ಬಿದ್ದು ಸುಮಾರು ಹನ್ನೊಂದು ಸಾವಿರ ಪುಸ್ತಕ ಬೂದಿಯಾದವು. ಮತ್ತೆ ಕಟ್ಟುತ್ತೇನೆ ಎಂದರು ಅವರು. ನಾಡಿನ ಮೂಲೆ ಮೂಲೆಯಿಂದ ಜನ ಪುಸ್ತಕ ಕಳಿಸಿದರು. ಆ ಮನುಷ್ಯನ ಛಲ ನೆನೆದರೆ, ‘ಓದಲು ಪುಸ್ತಕವಿಲ್ಲ’ ಎಂದು ಸುಮ್ಮನೆ ಕೂರಲು ನಮಗೆ ಮನಸ್ಸಾಗಬಾರದು.

ಇಷ್ಟೆಲ್ಲ ಓದಿದ ಮೇಲೆ ನಿಮಗೊಂದು ಕೊರತೆ ಕಾಣುತ್ತದೆ. ನಿಮ್ಮದೇ ವಯಸ್ಸಿನವರು, ನಿಮ್ಮದೇ ಊರಿನಲ್ಲಿ, ಇಂದು ಬದುಕುತ್ತಿರುವ ಬದುಕು ಈ ಪುಸ್ತಕಗಳಲ್ಲಿ ಎಲ್ಲಿ? ನನ್ನ ಬೀರುವಿನಲ್ಲಿ ಅದು ಇಲ್ಲ. ತಿರುಮಕೂಡಲಿನಲ್ಲಿ ಕಾವೇರಿ, ಕಪಿಲಾ ಸೇರುವ ಸಂಗಮದಲ್ಲಿ 1989ರಿಂದ ಕುಂಭಮೇಳ ನಡೆಯುತ್ತಿದೆ. ಆ ಜನಸಾಗರದ ನಡುವೆ ಪುರಿ, ಬತ್ತಾಸು ಮಾರುವ ಹುಡುಗನ ಮೂರು ದಿನಗಳ ಕಥೆ ಯಾರು ಬರೆಯುತ್ತಾರೆ? 2019ರ ಆಗಸ್ಟಿನಲ್ಲಿ ಕಬಿನಿ ಜಲಾಶಯದಿಂದ ನೀರು ಬಿಟ್ಟಾಗ ನಂಜನಗೂಡಿನ ಬೀದಿಗಳಿಗೇ ಹೊಳೆ ನುಗ್ಗಿತು, ಮೈಸೂರು ರಸ್ತೆ ಬಂದ್ ಆಯಿತು. ಆ ರಾತ್ರಿ ತಂಗಿಯನ್ನೂ ಪಾಟೀಚೀಲವನ್ನೂ ಎತ್ತಿಕೊಂಡು ಓಡಿದವಳು ನಿಮ್ಮ ಕ್ಲಾಸಿನಲ್ಲೇ ಇದ್ದಾಳಲ್ಲ? ಹೆಡಿಯಾಲದ ಕಡೆ ಕಾಡಂಚಿನಲ್ಲಿ ಹುಲಿಯ ಭಯಕ್ಕೆ ಸಂಜೆಯಾಗುತ್ತಲೇ ಮನೆ ಸೇರುವ ಮಕ್ಕಳಿದ್ದಾರೆ. ಕೈಗಾರಿಕಾ ಪ್ರದೇಶದ ಬಸ್ಸು ಹತ್ತುವ ಅಕ್ಕಂದಿರಿದ್ದಾರೆ. ಹತ್ತನೇ ಕ್ಲಾಸಿನಲ್ಲಿ ಮದುವೆ ಮಾಡಹೊರಟಾಗ ‘ಬೇಡ’ ಎಂದ ಹುಡುಗಿಯರಿದ್ದಾರೆ, ಬೇಡ ಎನ್ನಲಾಗದೆ ಹೋದವರೂ ಇದ್ದಾರೆ. ಜಾತಿ ಕೇಳಿ ಲೋಟ ಬೇರೆ ಇಟ್ಟದ್ದನ್ನು ಮರೆಯದ ಹುಡುಗರಿದ್ದಾರೆ. ತಲಕಾಡಿನ ಮರಳಿನ ಕೆಳಗೆ ದೇಗುಲಗಳು ಹುದುಗಿರುವ ಹಾಗೆ ಈ ಕಥೆಗಳೆಲ್ಲ ನಿಮ್ಮೊಳಗೆ ಇವೆ. ತೋಡಿ ತೆಗೆಯಬೇಕಾದವರು ನೀವು.

ಇಷ್ಟು ಚಿಕ್ಕ ವಯಸ್ಸಿನಲ್ಲಿ ಹೇಗೆ ಬರೆಯುವುದು ಎಂದು ಅಂಜಬೇಡಿ. ಅಮೆರಿಕದ ಟಲ್ಸಾ ಎಂಬ ಊರಿನ ಎಸ್. ಇ. ಹಿಂಟನ್ ಹೈಸ್ಕೂಲಿನಲ್ಲಿ ಓದುವಾಗಲೇ ‘ದಿ ಔಟ್‌ಸೈಡರ್ಸ್’ ಬರೆದಳು. 1967ರಲ್ಲಿ ಅದು ಅಚ್ಚಾದಾಗ ಅವಳಿಗೆ ಹದಿನೆಂಟು. ಬಡ ಕೇರಿಯ ಹುಡುಗರ ಜಗಳ, ಸ್ನೇಹ, ಸಾವಿನ ಕಥೆ. ತನ್ನ ಸುತ್ತಲಿನ ಹುಡುಗರ ಬದುಕು ಯಾವ ಪುಸ್ತಕದಲ್ಲೂ ಕಾಣದೆ ತಾನೇ ಬರೆದಳು. ಹದಿಹರೆಯದವರ ಕಾದಂಬರಿ ಎಂಬ ಪ್ರಕಾರವೇ ಅಮೆರಿಕದಲ್ಲಿ ಬಲಗೊಂಡದ್ದು ಆ ಪುಸ್ತಕದಿಂದ. ಆ್ಯನ್ ಫ್ರಾಂಕ್ ಡೈರಿ ತೆರೆದಾಗ ಅವಳಿಗೆ ಹದಿಮೂರು. ನಮ್ಮ ತಿರುಮಲಾಂಬ ಪುಸ್ತಕ ಹಿಡಿದು ಕೂತಾಗಿನ ವಯಸ್ಸನ್ನು ಆಗಲೇ ಹೇಳಿದ್ದೇನೆ.

ಆದ್ದರಿಂದ ಸೋಮವಾರ ಶಾಲೆಗೆ ಹೋದ ಕೂಡಲೇ ನಾಲ್ಕು ಜನ ಸೇರಿ ಹೆಡ್‌ಮಾಸ್ಟರ ಹತ್ತಿರ ಹೋಗಿ. ‘ಸರ್, ಲೈಬ್ರರಿ ಬೀರು ತೆಗೆಸಿ, ಜವಾಬ್ದಾರಿ ನಮ್ಮದು’ ಎಂದು ವಿನಯವಾಗಿ ಕೇಳಿ. ಇವತ್ತು ಆಗಲ್ಲ ಎಂದರೆ ಮಂಗಳವಾರವೂ ಹೋಗಿ ಕೇಳಿ. ಬೀರು ತೆರೆದ ಮೇಲೆ ಧೂಳು ಒರೆಸಿ, ಕಾದಂಬರಿ, ಕಥೆ ಪುಸ್ತಕಗಳನ್ನೆಲ್ಲ ಒಂದು ಕಡೆ ಜೋಡಿಸಿ, ಒಂದು ನೋಟ್‌ಬುಕ್ಕಿಗೆ ಗೆರೆ ಎಳೆದು ಪುಸ್ತಕದ ಹೆಸರು, ಒಯ್ದವರ ಹೆಸರು, ತಾರೀಖು ಬರೆಯುವ ಕೆಲಸ ನೀವೇ ವಹಿಸಿಕೊಳ್ಳಿ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿ. ಹುಡುಗಿಯರನ್ನು ಬಿಟ್ಟು ಹುಡುಗರೇ ಗುಂಪು ಕಟ್ಟಬೇಡಿ. ಓದಲು ತಡವರಿಸುವವರನ್ನು ನಕ್ಕು ಕೂರಿಸಬೇಡಿ, ಅವರ ಪಕ್ಕದಲ್ಲಿ ಕೂತು ಜೊತೆಗೆ ಓದಿ. ಅದೇ ನೋಟ್‌ಬುಕ್ಕಿನ ಹಿಂದಿನ ಪುಟಗಳನ್ನು ಖಾಲಿ ಬಿಡಿ. ನಿಮ್ಮ ಊರಿನ ಕಥೆಯನ್ನು ಅಲ್ಲಿಂದ ಬರೆಯಲು ಶುರುಮಾಡಿ, ನಿಮ್ಮ ಮನೆಯವರು ಮಾತಾಡುವ ಕನ್ನಡದಲ್ಲೇ.